ರದ್ದು ಮಾಡಿದವರು ಯಾರು?

"ಸಾರ್, ಫ್ಲೈಟ್ ಟೈಮ್ ಬದಲಾಯ್ತು ಅಂತ ಮೆಸೇಜ್ ಬಂತು. ನಮಗೆ ಆ ಹೊತ್ತು ಆಗಲ್ಲ ಅಂತ ನಾನೇ ಕ್ಯಾನ್ಸಲ್ ಮಾಡಿಬಿಟ್ಟೆ. ಪೂರ್ತಿ ದುಡ್ಡು ಬರುತ್ತಲ್ವಾ?" ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಟ್ರಾವೆಲ್ಸ್ ಕಚೇರಿಯಲ್ಲಿ ಈ ಮಾತನ್ನು ಪದೇ ಪದೇ ಕೇಳುತ್ತೇನೆ, ಕೇಳಿದಾಗಲೆಲ್ಲ ಸಂಕಟಪಡುತ್ತೇನೆ. ಆ "ನಾನೇ" ಎಂಬ ಪದದ ಜೊತೆಗೇ ಟಿಕೆಟ್ ಹಣದ ಬಹುಭಾಗ ಕೈಬಿಟ್ಟು ಹೋಗಿರುತ್ತದೆ. ಗುಂಡಿ ಒತ್ತುವ ಮುಂಚೆ ಬಂದಿದ್ದರೆ ಮಾಡಬಹುದಾಗಿದ್ದ ಕೆಲಸವೇ ಬೇರೆ, ಒತ್ತಿದ ಮೇಲೆ ಮಾಡಬೇಕಾದ ಓಡಾಟವೇ ಬೇರೆ.

ಟಿಕೆಟ್ ರದ್ದಾಯಿತು ಎಂಬುದು ಪ್ರಯಾಣಿಕರಿಗೆ ಒಂದೇ ಸಂಗತಿಯಾಗಿ ಕಾಣುತ್ತದೆ. ವಿಮಾನಯಾನ ಕಂಪನಿಯ ಲೆಕ್ಕದಲ್ಲಿ ಅದು ಎರಡು ಬೇರೆ ಬೇರೆ ಸಂಗತಿ. ಪ್ರಯಾಣಿಕನೇ ಬೇಡವೆಂದು ಬಿಟ್ಟದ್ದು ಒಂದು, ಕಂಪನಿ ತಾನು ಒಪ್ಪಿದ್ದ ಹಾರಾಟವನ್ನು ನಡೆಸಲಾಗದೆ ಪ್ರಯಾಣಿಕ ಅನಿವಾರ್ಯವಾಗಿ ಬಿಟ್ಟದ್ದು ಇನ್ನೊಂದು. ನಿಮ್ಮ ಬುಕಿಂಗ್‌ನ ಗುರುತಾದ ಆರಕ್ಷರದ ಪಿಎನ್‌ಆರ್ ಹಿಂದೆ ಒಂದು ಚರಿತ್ರೆ, ಅಂದರೆ ಆ ಬುಕಿಂಗ್‌ನಲ್ಲಿ ಆದ ಬದಲಾವಣೆಗಳ ದಾಖಲೆ, ಇರುತ್ತದೆ. ದೃಢಪಟ್ಟ ಹಾರಾಟದ ಸಾಲಿನಲ್ಲಿ ನಮ್ಮ ಪರದೆಯ ಮೇಲೆ ಎಚ್‌ಕೆ ಎಂಬ ಗುರುತು ಕಾಣುತ್ತದೆ. ಕಂಪನಿ ವೇಳೆ ಬದಲಿಸಿದಾಗ ಹಳೆಯ ಸಾಲಿಗೆ ಯುಎನ್ ಎಂದೂ ಹೊಸ ಸಾಲಿಗೆ ಟಿಕೆ ಎಂದೂ ಗುರುತು ಬೀಳುತ್ತದೆ. ಮರುಪಾವತಿ ವಿಭಾಗದಲ್ಲಿ ಕುಳಿತವರು ನಿಮ್ಮ ಮುಖ ನೋಡಿರುವುದಿಲ್ಲ, ಕಾಶಿಗೋ ಕೂಸಿನ ನಾಮಕರಣಕ್ಕೋ ಹೊರಟಿದ್ದಿರಿ ಎಂಬುದೂ ಅವರಿಗೆ ತಿಳಿಯದು. ಅವರ ಮುಂದಿರುವುದು ಈ ಚರಿತ್ರೆಯೊಂದೇ. ಅದರಲ್ಲಿ ಯುಎನ್ ಗುರುತಿಲ್ಲದೆ ಪ್ರಯಾಣಿಕರ ಕಡೆಯಿಂದ ರದ್ದು ಎಂದು ಮಾತ್ರ ದಾಖಲಾಗಿದ್ದರೆ ಅವರು ಷರತ್ತಿನ ಪ್ರಕಾರ ಶುಲ್ಕ ಕಡಿದು ಉಳಿದದ್ದನ್ನು ಕಳಿಸುತ್ತಾರೆ.

ಆದ್ದರಿಂದ ನಾನು ಹೇಳುವುದು ಇಷ್ಟೇ, ಆದರೆ ಬಿಡದೆ ಹೇಳುತ್ತೇನೆ. ವೇಳೆ ಬದಲಾದ ಸಂದೇಶ ಬಂದಾಗ ಟಿಕೆಟ್ ಕೊಂಡ ಆ್ಯಪ್‌ನ ಮಾಮೂಲಿ ಕ್ಯಾನ್ಸಲ್ ಗುಂಡಿಯನ್ನು ಒತ್ತಬೇಡಿ. ಅನೇಕ ಕಂಪನಿಗಳು ಸಂದೇಶದೊಳಗೇ ಪ್ರತ್ಯೇಕ ಲಿಂಕ್ ಕೊಟ್ಟಿರುತ್ತವೆ. ಬೇರೆ ಹಾರಾಟಕ್ಕೆ ಬದಲಿಸಿಕೊಳ್ಳುವ ಅಥವಾ ಪೂರ್ತಿ ಹಣ ವಾಪಸು ಕೇಳುವ ದಾರಿ ಅದು. ಎರಡೂ ಕಡೆ ಕ್ಯಾನ್ಸಲ್ ಎಂಬ ಪದವೇ ಇರುವುದರಿಂದ ಎರಡೂ ಒಂದೇ ಎಂದು ಜನ ಭಾವಿಸುತ್ತಾರೆ. ಕೊನೆಯ ಒತ್ತಿಗೆ ಮುಂಚೆ ಪರದೆಯ ಮೇಲೆ ವಾಪಸು ಬರುವ ಮೊತ್ತ ಸಾಮಾನ್ಯವಾಗಿ ಕಾಣುತ್ತದೆ. ಅದು ನೀವು ಕಟ್ಟಿದ್ದಕ್ಕಿಂತ ಕಡಿಮೆಯಿದ್ದರೆ ನೀವು ತಪ್ಪು ಬಾಗಿಲಲ್ಲಿ ನಿಂತಿದ್ದೀರಿ ಎಂದೇ ಅರ್ಥ. ಹಾಗೆಯೇ ಹೊಸ ವೇಳೆ ಒಪ್ಪಿಗೆ ಎಂದು ಒತ್ತಿದ ಮೇಲೆ ಪೂರ್ತಿ ಹಣ ಕೇಳುವುದು ಬಹಳ ಕಷ್ಟ. ಎಷ್ಟು ಹೊತ್ತಿನ ಬದಲಾವಣೆಗೆ ಈ ಅವಕಾಶ ಸಿಗುತ್ತದೆ ಎಂಬುದು ಬಹುಪಾಲು ಆಯಾ ಕಂಪನಿಯ ಷರತ್ತಿನ ಮೇಲೆ ನಿಂತಿರುವುದರಿಂದ ನಾನು ಎಲ್ಲರಿಗೂ ಒಂದೇ ಸಂಖ್ಯೆ ಹೇಳಲಾರೆ. ಅಮೆರಿಕಕ್ಕೆ ಹೋಗಿಬರುವ ಹಾರಾಟಗಳಿಗೆ ಮಾತ್ರ ಅಲ್ಲಿನ ಸಾರಿಗೆ ಇಲಾಖೆ 2024ರಲ್ಲಿ ಸ್ಪಷ್ಟ ಅಳತೆ ಹಾಕಿದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 6 ಗಂಟೆ ಅಥವಾ ಹೆಚ್ಚಿನ ವ್ಯತ್ಯಾಸವಾಗಿ, ಪ್ರಯಾಣಿಕರು ಅದನ್ನು ಒಪ್ಪದಿದ್ದರೆ ಹಣ ವಾಪಸು ಕೊಡಬೇಕು. ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಲಿ.

ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಕಂಪನಿಯೇ ಹಾರಾಟ ರದ್ದು ಮಾಡಿದರೆ ಬದಲಿ ಹಾರಾಟವೋ ಹಣವೋ ಎಂಬ ಆಯ್ಕೆ ಪ್ರಯಾಣಿಕರದು. ಮಂಜು, ಬಿರುಗಾಳಿಯಂಥ ಕಾರಣಗಳಿದ್ದರೆ ಪರಿಹಾರಧನ ಸಿಗದಿರಬಹುದು, ಆದರೆ ಟಿಕೆಟ್ಟಿನ ಹಣ ಬೇರೆ, ಪರಿಹಾರ ಬೇರೆ. ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮಾ ಇಡುವ ಕ್ರೆಡಿಟ್ ಶೆಲ್ ಕೂಡ ಪ್ರಯಾಣಿಕರು ಬಯಸಿದರೆ ಮಾತ್ರ. ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ.

ನಿಮ್ಮದೇ ಕಾರಣದಿಂದ ಹೋಗಲಾಗದಿದ್ದರೆ ಮಾತು ಬೇರೆ. ಆಗಲೂ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. 2016ರ ಪರಿಷ್ಕರಣೆಯಿಂದ, ನಾನ್ ರಿಫಂಡಬಲ್ ಎಂದು ಬರೆದಿರುವ ಅಗ್ಗದ ಟಿಕೆಟ್ಟಿನಲ್ಲಿಯೂ ಶಾಸನಬದ್ಧ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ ವಾಪಸು ಬರಬೇಕು. ವಿಮಾನ ತಪ್ಪಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಫ್ಲೈಬಸ್ಸಿನಲ್ಲಿ ಹೊರಟು ಬೆಂಗಳೂರಿನ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡ ಎಷ್ಟೋ ಮಂದಿ, ವಿಮಾನ ಹೋಯಿತು ಎಂದು ಕೈಚೆಲ್ಲಿ ಆ ಹಣವನ್ನು ಕೇಳುವುದೇ ಇಲ್ಲ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮಂಡ್ಯ ದಾಟುವುದು ಸುಲಭವಾಗಿದೆ ನಿಜ, ಕೆಂಗೇರಿಯಿಂದ ದೇವನಹಳ್ಳಿಯವರೆಗಿನ ದಾರಿ ಸುಲಭವಾಗಿಲ್ಲ.

ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನ ಹಣ ಸಾಮಾನ್ಯವಾಗಿ ಮೊದಲು ಏಜೆಂಟರ ಖಾತೆಗೆ ಬಂದು ಆಮೇಲೆ ನಿಮಗೆ ಬರುತ್ತದೆ. ಲಾಕ್‌ಡೌನ್ ಕಾಲದ ಟಿಕೆಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಾಗಲೂ, ಏಜೆಂಟರು ಆ ಹಣವನ್ನು ತಡಮಾಡದೆ ಪ್ರಯಾಣಿಕರಿಗೆ ತಲುಪಿಸಬೇಕೆಂದು ಹೇಳಿತು. ಆದರೆ ಮರುಪಾವತಿಯ ಹೊಣೆ ವಿಮಾನಯಾನ ಕಂಪನಿಯದೇ. ಹಣ ವಾಪಸು ಕೊಡಬೇಕಾದ ಅವಧಿಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಆ ದಿನದ ನಿಯಮ ನೋಡಿಯೇ ಅರ್ಜಿ ಬರೆಯಬೇಕು. ಕಂಪನಿ ಉತ್ತರಿಸದಿದ್ದರೆ ವಿಮಾನ ಪ್ರಯಾಣಿಕರ ದೂರುಗಳಿಗಾಗಿ ಇರುವ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಪಾಂಡವಪುರದ ಕಡೆಯ ಹನ್ನೆರಡು ಜನರ ಪ್ರಕರಣ ಇದನ್ನೆಲ್ಲ ನನಗೆ ಮತ್ತೆ ಬರೆಯುವಂತೆ ಮಾಡಿತು. ಎಲ್ಲರೂ ಕಬ್ಬು ಬೆಳೆಯುವವರು. ಕಾರ್ಖಾನೆಯ ಹಣ ಕೈಗೆ ಬಂದ ಮೇಲೆ ಕಾಶಿಯಾತ್ರೆ ನಿಶ್ಚಯಿಸಿದ್ದರು. ಊರಿನ ಹುಡುಗನೊಬ್ಬ ಬಹಳ ಅಕ್ಕರೆಯಿಂದ ಮೊಬೈಲಿನಲ್ಲೇ ಟಿಕೆಟ್ ಮಾಡಿಕೊಟ್ಟಿದ್ದ. ಒಂದು ಪಿಎನ್‌ಆರ್‌ನಲ್ಲಿ ಒಂಬತ್ತಕ್ಕಿಂತ ಹೆಚ್ಚು ಹೆಸರು ಹಿಡಿಯದ ಕಾರಣ ಒಂಬತ್ತು ಮತ್ತು ಮೂರು ಎಂದು ಎರಡು ಬುಕಿಂಗ್ ಆಗಿದ್ದವು. ಬೆಳಗಿನ ವಿಮಾನ ಸಂಜೆಗೆ ಹೋದ ಸಂದೇಶ ಒಂಬತ್ತು ಜನರ ಬುಕಿಂಗ್‌ಗೆ ಬಂತು. ಆ ದಿನದ ಮುಂದಿನ ಏರ್ಪಾಡೆಲ್ಲ ತಪ್ಪುವುದರಿಂದ ಹುಡುಗ ಗಾಬರಿಯಾಗಿ ಆ್ಯಪ್ ತೆರೆದು, ಎರಡೂ ಬುಕಿಂಗ್‌ಗಳನ್ನು ಅಲ್ಲಿಯೇ ರದ್ದು ಮಾಡಿದ. ಬಂದದ್ದು ತೆರಿಗೆಯ ಚೂರು ಮಾತ್ರ. ಹಿರಿಯರು ಅವನನ್ನು ಬೈಯದೆ ಜೊತೆಗೇ ನನ್ನಲ್ಲಿಗೆ ಕರೆತಂದರು. ಆ ಒಳ್ಳೆಯತನ ನೋಡಿ ನನಗೆ ಹೇಗಾದರೂ ಹಣ ತರಿಸಿಕೊಡಬೇಕೆನಿಸಿತು.

ಒಂಬತ್ತು ಜನರ ಚರಿತ್ರೆಯಲ್ಲಿ ರದ್ದತಿಗೆ ಮುಂಚೆಯೇ ಕಂಪನಿಯ ಬದಲಾವಣೆ ದಾಖಲಾಗಿತ್ತು. ಸಂದೇಶದ ಸ್ಕ್ರೀನ್‌ಶಾಟ್ ಜೊತೆಗಿಟ್ಟು ಕಂಪನಿಯಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಎರಡು ಬಾರಿ ಬರೆದೆವು. ಎರಡು ತಿಂಗಳಿಗೆ ಬಾಕಿ ಹಣ ಬಂತು. ಮೂರು ಜನರ ಬುಕಿಂಗ್‌ನಲ್ಲಿ ಆ ಬದಲಾವಣೆ ದಾಖಲಾಗುವ ಮುಂಚೆಯೇ ಹುಡುಗ ರದ್ದು ಒತ್ತಿದ್ದ. ಅದೇ ವಿಮಾನ, ಅದೇ ದಿನ, ಆದರೆ ಅವರ ಚರಿತ್ರೆಯಲ್ಲಿ ಕಂಪನಿಯ ಗುರುತೇ ಇಲ್ಲ. ಒಂಬತ್ತು ಜನರ ದಾಖಲೆಯನ್ನೇ ಆಧಾರವಾಗಿಟ್ಟು ಅವರ ಪರವಾಗಿ ಮೂರನೆಯ ಪತ್ರವನ್ನು ಕಳೆದ ಸೋಮವಾರ ಕಳಿಸಿದ್ದೇನೆ.