ಪಕ್ಕದ ಪ್ಲಾಟಿಗೆ ಪರ್ಮಿಷನ್ ಕೊಡುವವರು ಯಾರು?

ಕಲಬುರಗಿಯ ನಮ್ಮ ಓಣಿಯ ತುದಿಯಲ್ಲಿ ಎರಡು ಖಾಲಿ ಪ್ಲಾಟ್ ಇದ್ದವು. ಸಂಜೆಯಾದರೆ ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಒಂದು ದಿನ ಬೆಳಗ್ಗೆ ಜೆಸಿಬಿ ಬಂತು. ಸುಣ್ಣದ ಗೆರೆ ಬಿತ್ತು. ಗೆರೆ ಪಕ್ಕದ ಮನೆಯ ಕಾಂಪೌಂಡಿಗೆ ಅಂಟಿಕೊಂಡೇ ಹೋಗಿತ್ತು. ಯಾರೋ ಮನೆ ಕಟ್ಟುತ್ತಾರೆ ಅಂದುಕೊಂಡು ಸುಮ್ಮನಿದ್ದೆವು. ಹದಿನೈದು ದಿನ ಕಳೆದ ಮೇಲೆ ಓಣಿಯ ಗೌಂಡಿ ಕಾಕಾ ಅಲ್ಲಿ ನಿಂತು ಕಾಲಂ ಎಣಿಸಿದರು. ಸುತ್ತ ನಾಲ್ಕೂ ಕಡೆ ಕಾಲಂ, ನಡುವೆ ಒಂದೂ ಇಲ್ಲ. "ಇದು ಮನಿ ಅಲ್ರಿ, ಫಂಕ್ಷನ್ ಹಾಲ್" ಅಂದರು.

ನಮ್ಮ ರಸ್ತೆ ಅಗಲ ಇಪ್ಪತ್ತು ಅಡಿ. ಎದುರಾಎದುರು ಎರಡು ಆಟೋ ಬಂದರೆ ಒಂದು ಹಿಂದೆ ಸರಿಯಬೇಕು. ಅಲ್ಲಿ ಮದುವೆಯ ಬಸ್ಸು, ಡಿಜೆ, ಜನರೇಟರ್, ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆಯುವ ಸದ್ದು! ಅಂದು ಸಂಜೆಯೇ ಎಂಟು ಹತ್ತು ಜನ ಸೇರಿ ಕಾರ್ಪೊರೇಟರ್ ಮನೆಗೆ ಹೋದೆವು. ಅವರು ಚಹಾ ಕೊಟ್ಟರು, ಪೂರ್ತಿ ಕೇಳಿದರು. "ಕಾಕಾ, ನಿಮ್ಮ ಮಾತು ಖರೇ ಅದ. ಆದ್ರ ಪರ್ಮಿಷನ್ ಕೊಡೋದು, ಬಿಡೋದು ನಮ್ಮ ಕೈಯಾಗ ಇಲ್ರಿ" ಅಂದರು.

ನುಣುಚಿಕೊಳ್ಳುತ್ತಿದ್ದಾರೆ ಅಂತ ನನಗೆ ಸಿಟ್ಟು ಬಂತು. ಆಮೇಲೆ ಕಾಯ್ದೆ ತೆಗೆದು ಓದಿದೆ. ಅವರು ಹೇಳಿದ್ದು ನಿಜವೇ ಆಗಿತ್ತು. ನಾವು ಓಟು ಹಾಕಿ ಕಳಿಸಿದ ಸಭೆಗೆ ಪಕ್ಕದ ಕಟ್ಟಡದ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಹೆಚ್ಚೇನೂ ಇಲ್ಲ. ಹೀಗ್ಯಾಕೆ ಆಯಿತು ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ್, ಯಾದಗಿರಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಅರ್ಜಿ, ಮಂಜೂರು, ತಕರಾರು ಅಂತ ಇವತ್ತಿಗೂ ನಾವು ಕಚೇರಿಯಲ್ಲಿ ಬಳಸುವ ಮಾತುಗಳು ಅರಬ್ಬಿ ಮೂಲದವು. ಅರಬ್ಬಿಯಲ್ಲಿ ತಕ್ರಾರ್ ಅಂದರೆ ಮತ್ತೆ ಮತ್ತೆ ಹೇಳುವುದು. ನಮ್ಮ ಓಣಿಯವರು ಮುಂದೆ ಮಾಡಬೇಕಾಗಿ ಬಂದಿದ್ದೂ ಅದನ್ನೇ.

1956ರಲ್ಲಿ ಹೈದರಾಬಾದ್ ರಾಜ್ಯಕ್ಕೆ ಜಿಲ್ಲಾ ಪುರಸಭೆಗಳ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಳೆ ಮೈಸೂರಿನಲ್ಲಿ ಒಂದು ಕಾನೂನು, ಮುಂಬೈ ಕರ್ನಾಟಕದಲ್ಲಿ ಇನ್ನೊಂದು, ನಮ್ಮಲ್ಲಿ ಮತ್ತೊಂದು. ಎಲ್ಲವನ್ನೂ ಒಂದು ಮಾಡಿದ್ದು 1964ರ ಪುರಸಭೆಗಳ ಕಾಯ್ದೆ. ದೊಡ್ಡ ಊರುಗಳಿಗೆ 1976ರಲ್ಲಿ ಮಹಾನಗರ ಪಾಲಿಕೆಗಳ ಕಾಯ್ದೆ ಬಂತು. ಇವೆರಡಕ್ಕೂ ಮೊದಲೇ, 1961ರಲ್ಲಿ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂದಿತ್ತು. ನನ್ನ ಮಟ್ಟಿಗೆ ಈ ಕಥೆಯ ಬೇರು ಇಲ್ಲೇ ಇದೆ. ಯಾವ ಜಾಗದಲ್ಲಿ ಏನು ಬರಬೇಕು ಅನ್ನುವುದು ಒಂದು ಕಾಯ್ದೆಗೆ ಹೋಯಿತು. ಕಟ್ಟಡ ಹೇಗೆ ಕಟ್ಟಬೇಕು ಅನ್ನುವುದು ಇನ್ನೊಂದಕ್ಕೆ ಉಳಿಯಿತು.

ಹಾಗಾಗಿ ಹೊಲವೊಂದು ಮನೆಯಾಗಬೇಕಾದರೆ ಸಾಮಾನ್ಯವಾಗಿ ಮೂರು ಬಾಗಿಲು. ಮೊದಲನೆಯದು ಜಿಲ್ಲಾಧಿಕಾರಿ ಕಚೇರಿ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಭೂಮಿಯನ್ನು ಕೃಷಿಯೇತರ ಮಾಡಿಸುವುದು ಇಲ್ಲಿ. ನಮ್ಮ ಕಡೆ ಎಲ್ಲರೂ ಇದನ್ನು ಎನ್‌ಎ ಅಂತಲೇ ಕರೆಯುತ್ತಾರೆ. ಪ್ಲಾಟ್ ಕೊಳ್ಳುವವರ ಮೊದಲ ಪ್ರಶ್ನೆಯೇ "ಎನ್‌ಎ ಆಗ್ಯದ?" ಎರಡನೆಯದು ನಗರಾಭಿವೃದ್ಧಿ ಪ್ರಾಧಿಕಾರ. ಕಲಬುರಗಿಯ ಹಳಬರು ಇನ್ನೂ ಜಿಡಿಎ (ಗುಲ್ಬರ್ಗಾ ಡೆವಲಪ್‌ಮೆಂಟ್ ಅಥಾರಿಟಿ) ಅಂತಾರೆ. ಲೇಔಟ್ ನಕ್ಷೆ ಒಪ್ಪುವುದು, ಭೂಬಳಕೆ ಬದಲಾಯಿಸುವುದು ಇಲ್ಲಿನ ಕೆಲಸ. ಮೂರನೆಯದು ಪಾಲಿಕೆ ಅಥವಾ ನಗರಸಭೆ. ಕಟ್ಟಡ ಪರವಾನಗಿ ಕೊಡುವುದು ಇಲ್ಲಿ. ತಕರಾರು ಇರುವವರು ಒಂದು ಬಾಗಿಲಿಗೆ ಹೋದರೆ ಇನ್ನೊಂದನ್ನು ತೋರಿಸುತ್ತಾರೆ. ಒಮ್ಮೊಮ್ಮೆ ಅದು ಓಡಾಡಿಸಲು ಹೇಳಿದ ಮಾತಾಗಿರುವುದಿಲ್ಲ, ಆ ಕೆಲಸ ನಿಜವಾಗಿಯೂ ಇನ್ನೊಂದು ಬಾಗಿಲಿನದೇ ಆಗಿರುತ್ತದೆ.

ಪಾಲಿಕೆಯಲ್ಲಿ ಪರವಾನಗಿ ಅರ್ಜಿ ಹೋಗುವುದು ಆಯುಕ್ತರಿಗೆ. ಮೂವತ್ತು ದಿನದಲ್ಲಿ ಅವರು ಹೌದು ಅಥವಾ ಇಲ್ಲ ಅನ್ನಬೇಕು. ಯಾವ ಕಾರಣಕ್ಕೆ ಇಲ್ಲ ಅನ್ನಬಹುದು ಅಂತ ಕಾಯ್ದೆಯೇ ಬರೆದಿದೆ. ನಕ್ಷೆ ಕಾನೂನಿಗೆ ವಿರುದ್ಧ ಇದ್ದರೆ, ಕೇಳಿದ ವಿವರ ಕೊಡದಿದ್ದರೆ, ಸರ್ಕಾರಿ ಜಾಗ ಒತ್ತುವರಿ ಆಗುತ್ತಿದ್ದರೆ, ಹೀಗೆ. ಪಕ್ಕದ ಮನೆಯವರಿಗೆ ತೊಂದರೆ ಆಗುತ್ತದೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಅರ್ಜಿ ಬಂದಿದೆ ಅಂತ ಪಕ್ಕದವರಿಗೆ ತಿಳಿಸುವ ರೂಢಿಯೂ ಇಲ್ಲ. ಸುಣ್ಣದ ಗೆರೆ ಬಿದ್ದ ಮೇಲೇ ನಮಗೆ ಗೊತ್ತಾಗುವುದು.

ಚುನಾಯಿತ ಸದಸ್ಯರಿಗೆ ಒಂದು ಸಣ್ಣ ಕಿಟಕಿ ಇದೆ. ಆಯುಕ್ತರು ಮೂವತ್ತು ದಿನ ಕಳೆದರೂ ಏನೂ ಹೇಳದಿದ್ದರೆ ಅರ್ಜಿದಾರ ಆ ಸದಸ್ಯರ ಸ್ಥಾಯಿ ಸಮಿತಿಗೆ ಬರೆದುಕೊಳ್ಳಬಹುದು. ಸಮಿತಿ ಒಂದು ತಿಂಗಳಲ್ಲಿ ತೀರ್ಮಾನಿಸಬೇಕು. ಅದೂ ಸುಮ್ಮನಿದ್ದರೆ ಅನುಮತಿ ಸಿಕ್ಕಿದಂತೆಯೇ ಲೆಕ್ಕ. ಗಮನಿಸಿ, ಈ ಕಿಟಕಿ ತೆರೆದಿರುವುದು ಕಟ್ಟುವವರ ಕಡೆಗೆ. ಎದುರು ಮನೆಯವರು ಇದರಿಂದ ಒಳಗೆ ಹೋಗಲಾರರು.

1993ರಲ್ಲಿ ಇದೆಲ್ಲ ಬದಲಾಗಬೇಕಿತ್ತು. ಆ ವರ್ಷ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ನಗರದ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಬಂತು. ಪಟ್ಟಿಯ ಮೊದಲ ಸಾಲು ನಗರ ಯೋಜನೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಅಂದರೆ ನಮ್ಮ ಓಣಿಯ ಪ್ರಶ್ನೆಯೇ ತಲೆಯಲ್ಲಿ ಕೂತಿದೆ! ಆದರೆ ಕರ್ನಾಟಕದಲ್ಲಿ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಆಗಲೇ ಇತ್ತು. ಪ್ರಾಧಿಕಾರದ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಯೋಜನೆಯ ಅಧಿಕಾರ ಅಲ್ಲೇ ಉಳಿಯಿತು. ಮೂವತ್ತು ವರ್ಷ ದಾಟಿದರೂ ಅದು ಸಾಮಾನ್ಯ ಸಭೆಗೆ ಬಂದಿಲ್ಲ. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ಸಭೆಗೆ ಎಷ್ಟು ಅಧಿಕಾರ ಇದೆ ಅಂತ ನೋಡಬೇಕಾದರೆ ಒಂದು ಅವಧಿ ನೆನಪಿಸಿಕೊಂಡರೆ ಸಾಕು. ಕಲಬುರಗಿ ಪಾಲಿಕೆಯ 55 ವಾರ್ಡ್‌ಗಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಆಯಿತು. ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ. ನಡುವಿನ ಒಂದೂವರೆ ವರ್ಷ ಗೆದ್ದವರು ಇದ್ದರು, ಮೇಯರ್ ಇರಲಿಲ್ಲ. ಆ ಹೊತ್ತಲ್ಲಿ ಊರಲ್ಲಿ ಕಟ್ಟಡ ಏಳುವುದೇನಾದರೂ ನಿಂತಿತ್ತಾ? ಇಲ್ಲ ಅಲ್ವಾ.

ಹಾಗಾದರೆ ನಮ್ಮಂಥವರ ಮಾತಿಗೆ ಜಾಗ ಎಲ್ಲಿದೆ? 1961ರ ಕಾಯ್ದೆಯಲ್ಲಿ ಎರಡು ಕಡೆ ಇದೆ. ಒಂದು, ಊರಿನ ಯಾವ ಜಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಅಂತ ಬಣ್ಣ ಹಾಕಿ ತೋರಿಸುವ ಮಾಸ್ಟರ್ ಪ್ಲಾನ್ ಮಾಡುವಾಗ. ಕರಡು ಪ್ರಕಟವಾದ ಮೇಲೆ ಅರವತ್ತು ದಿನ ಯಾರು ಬೇಕಾದರೂ ಬರೆದು ಕೊಡಬಹುದು. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಣೆ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಅರವತ್ತು ದಿನದಲ್ಲಿ ಹೋಗಿ ತಮ್ಮ ಓಣಿಗೆ ಯಾವ ಬಣ್ಣ ಬಳಿದಿದ್ದಾರೆ ಅಂತ ನೋಡಿದವರು ನನಗೆ ಗೊತ್ತಿದ್ದವರಲ್ಲಿ ಒಬ್ಬರೂ ಇಲ್ಲ. ನಾನೂ ನೋಡಿರಲಿಲ್ಲ.

ಇನ್ನೊಂದು, ಭೂಬಳಕೆ ಬದಲಾಯಿಸುವಾಗ. ಇದು 14-ಎ ಕಲಂ. ವಾಸದ ಜಾಗವನ್ನು ವ್ಯಾಪಾರಕ್ಕೆ ಬದಲಾಯಿಸಬೇಕಾದರೆ ಪ್ರಾಧಿಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಕಡಿಮೆ ಅಂದರೂ ಹದಿನೈದು ದಿನ ಸಮಯ ಕೊಡಬೇಕು. ಆಮೇಲೆ ಸರ್ಕಾರದ ಒಪ್ಪಿಗೆ ಬೇಕು. ಬದಲಾವಣೆ ಸಾರ್ವಜನಿಕರ ಹಿತಕ್ಕೆ ಇರಬೇಕು ಅನ್ನುವ ಮಾತೂ ಅದೇ ಕಲಂನಲ್ಲಿದೆ. ಆ ಪ್ರಕಟಣೆಯನ್ನು ನೀವು ಪೇಪರಿನಲ್ಲಿ ನೋಡಿರುತ್ತೀರಿ. ಟೆಂಡರ್, ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಗಳ ನಡುವೆ ಒಂದು ಸಣ್ಣ ಚೌಕ. ಗ್ರಾಮದ ಹೆಸರು, ಸರ್ವೆ ನಂಬರ್, ಎಕರೆ, ಗುಂಟೆ. "ಫಲಾನೆ ದೇವಸ್ಥಾನದ ಹಿಂದಿನ ರಸ್ತೆ" ಅಂತ ಅದರಲ್ಲಿ ಬರೆದಿರುವುದಿಲ್ಲ. ತಮ್ಮ ಮನೆ ಯಾವ ಸರ್ವೆ ನಂಬರಿನಲ್ಲಿದೆ ಅಂತ ಗೊತ್ತಿಲ್ಲದವರಿಗೆ ಅದು ತಮ್ಮದೇ ಓಣಿ ಅಂತ ತಿಳಿಯುವುದಿಲ್ಲ.

ಎಲ್ಲ ಬದಲಾವಣೆಗೂ ಈ ಪ್ರಕಟಣೆ ಬೇಕಿಲ್ಲ. ತೊಗರಿಯ ಊರು ನಮ್ಮದು. ಒಂದು ಕಾಲಕ್ಕೆ ಊರಾಚೆ ಇದ್ದ ದಾಲ್ ಮಿಲ್‌ಗಳ ಸುತ್ತ ಈಗ ಮನೆಗಳು ಬಂದಿವೆ. ಕೈಗಾರಿಕೆಯ ಜಾಗ ವಾಸಕ್ಕೆ ಅಥವಾ ವ್ಯಾಪಾರಕ್ಕೆ ಬದಲಾದರೆ ಶುಲ್ಕ ಕಟ್ಟಿ ಮೊದಲೇ ತಿಳಿಸಿದರೆ ಆಯಿತು. ದೂಳು ಹೋಗುತ್ತದೆ, ಒಳ್ಳೆಯದೇ. ಆದರೆ ಮಿಲ್ ಜಾಗದಲ್ಲಿ ದೊಡ್ಡ ಮಳಿಗೆ ಎದ್ದರೆ ಟ್ರಾಫಿಕ್ ಬರುತ್ತದೆ. ಅಲ್ಲಿ ಅಕ್ಕಪಕ್ಕದವರನ್ನು ಕೇಳುವ ಹಂತವೇ ಇಲ್ಲ.

ನೆರೆಯವರಿಗೆ ಹಕ್ಕು ಸಿಕ್ಕಿದ್ದು ಹೆಚ್ಚಾಗಿ ಕೋರ್ಟಿನಿಂದ. ಎರಡು ದೊಡ್ಡ ತೀರ್ಪುಗಳೂ ಕರ್ನಾಟಕದವೇ. ಮೊದಲನೆಯದು ಉಡುಪಿಯದು. ವಾಸದ ಪ್ರದೇಶದಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸದ ಹಾಲ್ ಅಂತ ಶುರುವಾದ ಕಟ್ಟಡವನ್ನು ಸಿನಿಮಾ ಥಿಯೇಟರ್ ಮಾಡಲು ಪುರಸಭೆ ಒಪ್ಪಿತು. ಯೋಜನೆಯಲ್ಲಿ ಅಲ್ಲಿ ಥಿಯೇಟರಿಗೆ ಅವಕಾಶ ಇರಲಿಲ್ಲ. ಊರಿನ ನಿವಾಸಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕೋರ್ಟ್ ಅವರ ಪರ ನಿಂತಿತು. ಕಾನೂನು ಮೀರಿದ ಕಟ್ಟಡದಿಂದ ಅಲ್ಲಿ ವಾಸಿಸುವವರು ತಮ್ಮ ಮನೆಯಲ್ಲಿ ನೆಮ್ಮದಿಯಾಗಿರುವ ಹಕ್ಕಿಗೆ ಪೆಟ್ಟು ಬೀಳುತ್ತದೆ, ಯೋಜನೆ ಪಾಲಿಸುವುದು ಪುರಸಭೆಯ ಹೊಣೆ ಅಂತ ಹೇಳಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಹಿಂದೆಯೇ ಯಾರೋ ನಮ್ಮ ಓಣಿಯ ಜಗಳ ಆಡಿ ಗೆದ್ದಿದ್ದರು.

ಎರಡನೆಯದು ಬೆಂಗಳೂರಿನದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ನಿವಾಸಿಗಳಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಹಂಚಿಕೆ ರದ್ದಾಯಿತು.

ಆದರೆ ಹಕ್ಕು ಇದ್ದರೆ ಸಾಕೇ? 2008ರವರೆಗೆ ಕಲಬುರಗಿಯವರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಾದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ವಕೀಲರ ಫೀಸು, ಲಾಡ್ಜು, ಕೂಲಿ ಬಿಟ್ಟ ದಿನ. ಓಣಿಯ ಜಗಳಕ್ಕೆ ಯಾರು ಅಷ್ಟು ದೂರ ಹೋಗುತ್ತಾರೆ? ಆ ವರ್ಷ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಇಲ್ಲಿಗೆ ಬಂತು. 2013ರ ಆಗಸ್ಟ್ 31ರಿಂದ ಅದು ಕಾಯಂ ಆಯಿತು. ವಕೀಲರೂ ಜನರೂ ವರ್ಷಗಟ್ಟಲೆ ಹೋರಾಡಿ ತಂದ ಪೀಠ ಅದು. ನನ್ನ ದೃಷ್ಟಿಯಲ್ಲಿ ಇಲ್ಲಿನ ನೆರೆಯವರ ಮಾತಿಗೆ ಬಲ ಬಂದಿದ್ದು ಯಾವ ಕಾಯ್ದೆಗಿಂತ ಜಾಸ್ತಿ ಇದರಿಂದ.

ಬೀದರಿನಲ್ಲಿ ತಕರಾರಿನ ಬಣ್ಣವೇ ಬೇರೆ. ಅಲ್ಲಿ ಕಟ್ಟುವವರೇ ನೊಂದವರು. ಹಳೆ ಊರಿನ ನಡುವೆ 1472ರ ಮಹಮೂದ್ ಗವಾನ್ ಮದರಸಾ ಇದೆ, ಪಕ್ಕದಲ್ಲೇ ಕೋಟೆ. ಕೇಂದ್ರದ ರಕ್ಷಣೆಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. ಅದರಾಚೆ 200 ಮೀಟರ್‌ವರೆಗೆ ಕಟ್ಟಲು ಬೇರೆ ಅನುಮತಿ ಬೇಕು. ಈ ಗಡಿ ಮೊದಲು ಬಂದಿದ್ದು 1992ರ ಜೂನ್ 16ರ ಅಧಿಸೂಚನೆಯಲ್ಲಿ. 2010ರ ತಿದ್ದುಪಡಿಯಲ್ಲಿ ಅದು ಕಾಯ್ದೆಯ ಒಳಗೇ ಸೇರಿತು, ದೆಹಲಿಯಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಹುಟ್ಟಿತು. ಅಜ್ಜನ ಕಾಲದ ಮನೆ ಸೋರುತ್ತಿದ್ದರೂ ರಿಪೇರಿಗೆ ಅನುಮತಿ ತರಬೇಕು. ಊರಿನ ಚುನಾಯಿತ ಸದಸ್ಯರು ಎಲ್ಲರೂ ಒಮ್ಮತದಿಂದ ಹೂಂ ಅಂದರೂ ನಡೆಯುವುದಿಲ್ಲ. ಮದರಸಾದ ಕಮಾನಿನ ಕೆಳಗೆ ನಿಂತು, ಗೋಡೆಯಲ್ಲಿ ಉಳಿದ ನೀಲಿ ಹೆಂಚು ನೋಡಿದವರಿಗೆ ಆ ಗಡಿ ಬೇಕು ಅನಿಸುತ್ತದೆ. ಸೋರುವ ಮನೆಯಲ್ಲಿ ಇರುವವರನ್ನು ಕೇಳಿದರೆ ಅವರದೂ ನ್ಯಾಯವೇ. ಈ ಎರಡನ್ನೂ ಎದುರು ಕೂರಿಸಿ ಕೇಳುವ ಒಂದು ಸಭೆ ಊರಲ್ಲೇ ಇರಬೇಕಿತ್ತು.

ಇನ್ನೊಂದು ಮಾತು ಹೇಳದಿದ್ದರೆ ಚಿತ್ರ ಅರ್ಧ ಆಗುತ್ತದೆ. "ಈಗ ಕಟ್ಟೋಣ, ಆಮೇಲೆ ಸಕ್ರಮ ಮಾಡಿಸೋಣ" ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಕಾರಣ ಅಕ್ರಮ ಸಕ್ರಮ. ವಾಸದ ಕಟ್ಟಡದಲ್ಲಿ ಶೇ 50ರವರೆಗೆ, ಬೇರೆ ಕಟ್ಟಡದಲ್ಲಿ ಶೇ 25ರವರೆಗೆ ಉಲ್ಲಂಘನೆ ಇದ್ದರೆ ದಂಡ ಕಟ್ಟಿಸಿಕೊಂಡು ಬಿಡುವ ಯೋಜನೆ ಅದು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಅನಧಿಕೃತ ಆಸ್ತಿಗಳಿಗೂ ಖಾತಾ ಕೊಡುವ ಬಿ-ಖಾತಾ ಅಭಿಯಾನ ಬಂದಾಗ ಎಷ್ಟೋ ಜನ ಇದೇ ಸಕ್ರಮ ಅಂದುಕೊಂಡರು. ಖಾತಾ ತೆರಿಗೆಯ ಲೆಕ್ಕಕ್ಕೆ. ಕಟ್ಟಡದ ತಪ್ಪು ಅದರಿಂದ ಅಳಿಸಿಹೋಗಲ್ಲ.

ನಮ್ಮ ಓಣಿಗೆ ಬರುತ್ತೇನೆ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಡಿ ಮಂಜೂರಾದ ನಕ್ಷೆಯ ನಕಲು ಕೇಳಿದೆವು. ಬಂದ ನಕ್ಷೆಯಲ್ಲಿ ಇದ್ದದ್ದು ವಾಸದ ಮನೆ. ನಾಲ್ಕೂ ಕಡೆ ಜಾಗ ಬಿಟ್ಟಂತೆ ತೋರಿಸಿದ್ದರು, ಅಡುಗೆಮನೆ, ದೇವರ ಕೋಣೆ ಕೂಡ ಇದ್ದವು. ಗೌಂಡಿ ಕಾಕಾ ಟೇಪ್ ಹಿಡಿದರು, ನಾನು ಬರೆದುಕೊಂಡೆ. ನಕ್ಷೆಯಲ್ಲಿ ಎಷ್ಟು, ನೆಲದ ಮೇಲೆ ಎಷ್ಟು ಅಂತ ಎರಡು ಸಾಲು ಅಂಕಿ. ಮೊದಲ ಅರ್ಜಿಯಲ್ಲಿ "ನಮಗೆ ತೊಂದರೆ ಆಗುತ್ತದೆ" ಅಂತ ಎರಡು ಪುಟ ಬರೆದಿದ್ದೆವು, ಉತ್ತರ ಬರಲಿಲ್ಲ. ಎರಡನೆಯದರಲ್ಲಿ ಈ ಅಂಕಿಗಳನ್ನಷ್ಟೇ ಬರೆದು, ಹತ್ತೊಂಬತ್ತು ಜನ ಸಹಿ ಮಾಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆವು. ಮೂರು ವಾರಕ್ಕೆ ಅಳತೆಗೆ ಬಂದರು. ಮಾಲೀಕರಿಗೆ ನೋಟಿಸ್ ಹೋಯಿತು. ಕೆಲಸ ನಿಂತಿದೆ.

ಒಂದು ಸಂಜೆ ಮಾಲೀಕರೇ ಬಂದರು. "ಕಾಕಾ, ಸಾಲ ಮಾಡೀನ್ರಿ. ಮೊದಲೇ ಹೇಳಿದ್ರ ನಾನೂ ಕೇಳ್ತಿದ್ದೆ" ಅಂದರು. ಮೊದಲೇ ಹೇಳೋಣ ಅಂದರೆ ನಮಗಾದರೂ ಯಾರು ತಿಳಿಸಿದ್ದರು? ಅವರ ಮುಖ ನೋಡಿ ಯಾರಿಗೂ ಜೋರು ಮಾಡಲು ಮನಸ್ಸು ಬರಲಿಲ್ಲ. ಈಗ ಅವರು ಭೂಬಳಕೆ ಬದಲಾವಣೆಗೆ ಅರ್ಜಿ ಹಾಕುತ್ತಾರೆ ಅಂತ ಸುದ್ದಿ. ಹಾಕಿದರೆ ಪೇಪರಿನಲ್ಲಿ ಬರಬೇಕು, ಬಂದ ದಿನದಿಂದ ಹದಿನೈದು ದಿನ. ಹಾಗಾಗಿ ಗೌಂಡಿ ಕಾಕಾ ಬೆಳಗ್ಗೆ ಪೇಪರ್ ಬಂದ ಕೂಡಲೇ ಪ್ರಕಟಣೆಗಳ ಪುಟ ತೆಗೆಯುತ್ತಾರೆ. ಆ ಸಣ್ಣ ಅಕ್ಷರ ಅವರಿಗೆ ಕಾಣಲ್ಲ. ಮೊಮ್ಮಗಳು ಸ್ಕೂಲಿಗೆ ಹೋಗುವ ಮುಂಚೆ ಪಕ್ಕದಲ್ಲಿ ಕೂತು ಓದಿ ಹೇಳುತ್ತಾಳೆ. ನಮ್ಮ ಓಣಿಯ ಸರ್ವೆ ನಂಬರ್ ಅವಳಿಗೆ ಈಗ ಬಾಯಿಪಾಠ.