ಕಾಯಿನ್ ಬಂದರೆ ಯಾಕೆ ಸಿಟ್ಟು? ಮಾರಿಯೋ ಕಾರ್ಟ್‌ನ ಅತಿ ದುರ್ಬಲ ಐಟಂನ ಹಿಂದಿನ ಕಥೆ

ಮಾರಿಯೋ ಕಾರ್ಟ್ ಅನ್ನುವುದು ನಿಂಟೆಂಡೊ ಕಂಪನಿಯ ಕಾರ್ಟ್ (ಪುಟ್ಟ ಕಾರು) ರೇಸಿಂಗ್ ವಿಡಿಯೋ ಗೇಮ್. ಅದನ್ನು ಆಡುವವರ ನಡುವೆ 2014ರಿಂದ ಒಂದು ಜಗಳ ಮುಗಿಯದೆ ನಡೆದಿದೆ. ಐಟಂ ಬಾಕ್ಸ್ ಒಡೆದಾಗ ಅದರೊಳಗಿಂದ ಕಾಯಿನ್ ಬರುವುದು ಸರಿಯೋ ತಪ್ಪೋ ಅನ್ನುವುದೇ ಆ ಜಗಳ. ಅದನ್ನು ಆಟದಿಂದಲೇ ಕಿತ್ತುಹಾಕಿ ಅನ್ನುವವರಿದ್ದಾರೆ. ಕಾಯಿನ್ ಕೈಯಲ್ಲಿ ಇತ್ತು, ಅದಕ್ಕೇ ಗೆದ್ದೆ ಅನ್ನುವವರೂ ಇದ್ದಾರೆ. ಎರಡೂ ಮಾತು ನಿಜ. ಒಬ್ಬರು ಹೇಳುತ್ತಿರುವುದು 2014ರ ಆಟದ ಬಗ್ಗೆ, ಇನ್ನೊಬ್ಬರು ಹೇಳುತ್ತಿರುವುದು 2017ರ ಆಟದ ಬಗ್ಗೆ. ಆ ಮೂರು ವರ್ಷದಲ್ಲಿ ಕಾಯಿನ್ ಬದಲಾಗಲಿಲ್ಲ, ಅದರ ಸುತ್ತಲಿನ ನಿಯಮ ಬದಲಾಯಿತು. ಈ ಗೊಂದಲವನ್ನು ಬಿಡಿಸಬೇಕಾದರೆ ಮೊದಲಿನಿಂದ ಬರಬೇಕು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಟ್ರ್ಯಾಕ್ ಮೇಲೆ ಅಲ್ಲಲ್ಲಿ ಐಟಂ ಬಾಕ್ಸ್‌ಗಳ ಸಾಲು ಇರುತ್ತದೆ. ಅದರೊಳಗೆ ನುಗ್ಗಿದರೆ ಏನೋ ಒಂದು ಸಿಗುತ್ತದೆ. ಹಿಂದೆ ಉಳಿದವರಿಗೆ ಜೋರಾದ ಐಟಂ, ಮುಂದೆ ಇರುವವರಿಗೆ ಸಪ್ಪೆ ಐಟಂ. ಎಲ್ಲರೂ ಕೊನೆಯ ಲ್ಯಾಪ್‌ವರೆಗೂ ಪೈಪೋಟಿಯಲ್ಲಿ ಇರಲಿ ಅಂತ ಹೀಗೆ ಮಾಡಿದ್ದಾರೆ. ಮೊದಲ ಸ್ಥಾನದಲ್ಲಿ ಇರುವವನಿಗೆ ಯಾರ ಮೇಲೂ ದಾಳಿ ಮಾಡಬೇಕಾಗಿಲ್ಲ. ಅವನಿಗೆ ಬೇಕಾಗಿರುವುದು ರಕ್ಷಣೆ. ಬಾಳೆಹಣ್ಣಿನ ಸಿಪ್ಪೆಯನ್ನೋ ಹಸಿರು ಶೆಲ್ಲನ್ನೋ (ಎಸೆದು ಹೊಡೆಯುವ ಆಮೆಚಿಪ್ಪು) ಕಾರ್ಟ್ ಹಿಂದೆ ಹಿಡಿದುಕೊಂಡಿದ್ದರೆ, ಹಿಂದಿನಿಂದ ಬರುವ ಕೆಂಪು ಶೆಲ್ ಅದಕ್ಕೆ ಬಡಿದು ಹೋಗುತ್ತದೆ. ಹಿಡಿಯಲು ಏನೂ ಇಲ್ಲದಿದ್ದರೆ ಕೆಂಪು ಶೆಲ್ ನೇರವಾಗಿ ಬಂದು ಹೊಡೆಯುತ್ತದೆ. ಈ ಜಗಳಕ್ಕೆಲ್ಲ ಬೇರು ಇಲ್ಲಿದೆ.

ಕಾಯಿನ್ ಹೊಸದೇನಲ್ಲ. ಹಿಡೆಕಿ ಕೊನ್ನೊ ಮತ್ತು ತದಾಶಿ ಸುಗಿಯಾಮಾ ನಿರ್ದೇಶಿಸಿದ 1992ರ ಸೂಪರ್ ಮಾರಿಯೋ ಕಾರ್ಟ್‌ನಲ್ಲೇ ಅದು ಇತ್ತು. ಅಲ್ಲಿ ಒಂದೊಂದು ಕಾಯಿನ್ ಸಿಕ್ಕಾಗಲೂ ಕಾರ್ಟಿನ ಗರಿಷ್ಠ ವೇಗ ಚೂರು ಏರುತ್ತಿತ್ತು, 10ರವರೆಗೆ. ಕೈಯಲ್ಲಿ ಒಂದೂ ಇಲ್ಲದಿದ್ದಾಗ ಬೇರೆಯವರಿಗೆ ಡಿಕ್ಕಿಯಾದರೆ ಕಾರ್ಟ್ ಗಿರಗಿರನೆ ತಿರುಗಿಬಿಡುತ್ತಿತ್ತು. ಹಾಗಾಗಿ ಎರಡು ಕಾಯಿನ್ ಕೊಡುವ ಐಟಂ ಬಂದರೆ ಯಾರೂ ಬೇಜಾರಾಗುತ್ತಿರಲಿಲ್ಲ. ಖಾಲಿ ಕೈಯವನಿಗೆ ಆ ಎರಡು ಕಾಯಿನ್ನೇ ರಕ್ಷಣೆ. 1996ರ ಮಾರಿಯೋ ಕಾರ್ಟ್ 64ರಲ್ಲಿ ಕಾಯಿನ್ ಮಾಯವಾಯಿತು. 2001ರ ಸೂಪರ್ ಸರ್ಕ್ಯೂಟ್‌ನಲ್ಲಿ ಟ್ರ್ಯಾಕ್ ಮೇಲೆ ಮತ್ತೆ ಕಂಡಿತು. ಆಮೇಲೆ ಒಂದು ದಶಕ ರೇಸ್‌ಗಳಿಂದ ದೂರವಿದ್ದು, 2011ರ ಮಾರಿಯೋ ಕಾರ್ಟ್ 7ರಲ್ಲಿ ವಾಪಸ್ ಬಂತು. ಆಗಲೂ ಅದು ಇದ್ದಿದ್ದು ಟ್ರ್ಯಾಕ್ ಮೇಲೆ ಮಾತ್ರ, ಐಟಂ ಬಾಕ್ಸ್ ಒಳಗೆ ಅಲ್ಲ.

ಇಂಥ ಚಿಕ್ಕ ವಸ್ತುವಿಗೆ ಬೆಲೆ ತರುವುದು ಹೇಗೆ ಅನ್ನುವ ಪ್ರಶ್ನೆಗೆ ಬೇರೆ ಆಟಗಳು ಬೇರೆ ಉತ್ತರ ಹುಡುಕಿದ್ದವು. 1999ರ ಕ್ರ್ಯಾಶ್ ಟೀಮ್ ರೇಸಿಂಗ್‌ನಲ್ಲಿ 10 ವುಂಪಾ ಹಣ್ಣು ಕೂಡಿಸಿದರೆ ವೇಗ ಏರುವುದರ ಜೊತೆಗೆ ನಿಮ್ಮ ಎಲ್ಲ ಐಟಂಗಳೂ ಹೆಚ್ಚು ಬಲ ಪಡೆಯುತ್ತಿದ್ದವು. ಏಟು ತಿಂದರೆ ಹಣ್ಣು ಕಳೆದುಹೋಗುತ್ತಿತ್ತು, ಜೊತೆಗೆ ಆ ಬಲವೂ. ಅಲ್ಲಿ ಒಂದೊಂದು ಹಣ್ಣಿಗೂ ಬೆಲೆಯಿತ್ತು. ಚಿಕ್ಕ ವಸ್ತುವೊಂದನ್ನು ಆಟದ ಉಳಿದ ಭಾಗಗಳಿಗೆ ಹೇಗೆ ಹೆಣೆಯಬಹುದು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಇನ್ನು 2014ಕ್ಕೆ ಬರೋಣ. ನಿಂಟೆಂಡೊದ ವೀ ಯು ಗೇಮ್ ಯಂತ್ರಕ್ಕೆ ಬಂದ ಮಾರಿಯೋ ಕಾರ್ಟ್ 8ರಲ್ಲಿ ಒಂದೇ ಸಲ ಎರಡು ಬದಲಾವಣೆ ಆದವು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಸಿಟ್ಟು ಯಾಕೆ ಬಂತು ಅಂತ ಅರ್ಥವಾಗುವುದಿಲ್ಲ.

ಮೊದಲನೆಯದು, ಕಾಯಿನ್ ಮತ್ತೆ ಐಟಂ ಆಗಿ ಬಾಕ್ಸ್ ಒಳಗೆ ಸೇರಿತು. ಕೊಡುವುದು ಎರಡು ಕಾಯಿನ್, ಜೊತೆಗೆ ಕ್ಷಣಮಾತ್ರದ ಒಂದು ಸಣ್ಣ ತಳ್ಳು. ಬರುವುದು ಹೆಚ್ಚಾಗಿ ಮುಂದೆ ಇರುವವರಿಗೆ.

ಎರಡನೆಯದರ ಬಗ್ಗೆ ಮಾತು ಕಡಿಮೆ, ಪೆಟ್ಟು ಜಾಸ್ತಿ. ಹಳೆಯ ಆಟಗಳಲ್ಲಿ ಬಾಳೆಸಿಪ್ಪೆಯನ್ನು ಕಾರ್ಟ್ ಹಿಂದೆ ಹಿಡಿದುಕೊಂಡರೆ ಐಟಂ ಇಡುವ ಜಾಗ, ಅಂದರೆ ಸ್ಲಾಟ್, ಖಾಲಿಯಾಗುತ್ತಿತ್ತು. ಮುಂದಿನ ಬಾಕ್ಸ್‌ನಿಂದ ಇನ್ನೊಂದು ಐಟಂ ತೆಗೆದುಕೊಳ್ಳಬಹುದಿತ್ತು. ಒಂದು ಹಿಂದೆ, ಒಂದು ಕೈಯಲ್ಲಿ. ಮಾರಿಯೋ ಕಾರ್ಟ್ 8ರಲ್ಲಿ ಹಿಂದೆ ಹಿಡಿದದ್ದೂ ಆ ಒಂದೇ ಸ್ಲಾಟಿನ ಲೆಕ್ಕಕ್ಕೆ ಬಂತು. ಅದನ್ನು ಬಿಡುವವರೆಗೂ ಹೊಸ ಐಟಂ ಇಲ್ಲ.

ಈಗ ಇವೆರಡನ್ನೂ ಕೂಡಿಸಿ ನೋಡಿ. ನೀವು ಮೊದಲ ಸ್ಥಾನದಲ್ಲಿದ್ದೀರಿ. ನಿಮ್ಮ ಸಿಪ್ಪೆಗೆ ಯಾರದೋ ಶೆಲ್ ಬಡಿದು ಅದು ಹೋಯಿತು. ಮುಂದಿನ ಬಾಕ್ಸ್ ಒಡೆದರೆ ಬಂದದ್ದು ಕಾಯಿನ್. ಹಿಂದೆ ಇರುವವನಿಗೆ ಕೆಂಪು ಶೆಲ್ ಸಿಕ್ಕಿದೆ. ಮುಂದಿನ ಬಾಕ್ಸ್ ಸಾಲು ಬರುವವರೆಗೂ ನಿಮಗೆ ಮಾಡಲು ಏನೂ ಇಲ್ಲ, ಏಟಿಗೆ ಕಾಯಬೇಕು ಅಷ್ಟೆ. ಬಾಗಿಲ ಪಕ್ಕ ಇರುವುದು ಒಂದೇ ಮೊಳೆ, ಅದಕ್ಕೆ ಖಾಲಿ ಚೀಲ ತೂಗುಹಾಕಿದ್ದರೆ ಕೊಡೆಗೆ ಜಾಗ ಎಲ್ಲಿ? ಜನ ಬೈದದ್ದು ಚೀಲವನ್ನು. ಕೊರತೆ ಇದ್ದದ್ದು ಮೊಳೆಯದ್ದು.

ಕಾಯಿನ್‌ನಲ್ಲೂ ತೊಂದರೆ ಇರಲಿಲ್ಲ ಅಂತಲ್ಲ. ರೇಸ್ ಶುರುವಾದಾಗ ನಿಮ್ಮ ಹತ್ತಿರ ಒಂದೂ ಕಾಯಿನ್ ಇರುವುದಿಲ್ಲ. ಆಗ ಎರಡು ಸಿಕ್ಕರೆ ಒಳ್ಳೆಯದೇ. ಆದರೆ ಟ್ರ್ಯಾಕ್ ಮೇಲೆ ಬೇಕಾದಷ್ಟು ಬಿದ್ದಿರುತ್ತವೆ. ಚೆನ್ನಾಗಿ ಓಡಿಸುವವರು ಬೇಗನೆ 10 ತುಂಬಿಸಿಕೊಳ್ಳುತ್ತಾರೆ. ಆಮೇಲೆ ಬರುವ ಕಾಯಿನ್‌ನಿಂದ ಆ ಸಣ್ಣ ತಳ್ಳು ಬಿಟ್ಟರೆ ಲಾಭವಿಲ್ಲ. ಏಟು ತಿಂದಾಗ ಮೂರು ಕಾಯಿನ್ ಬಿದ್ದುಹೋಗುತ್ತವೆ, ಆಗ ಮತ್ತೆ ಸ್ವಲ್ಪ ಉಪಯೋಗ. ಅಂದರೆ ಚೆನ್ನಾಗಿ ಆಡಿದಷ್ಟೂ ಕಾಯಿನ್ ಬರುವುದು ಜಾಸ್ತಿ, ಬಂದಷ್ಟೂ ಅದರ ಬೆಲೆ ಕಡಿಮೆ. ಸಿಟ್ಟು ಬಾರದೆ ಇರುತ್ತಾ?

ಇಂಥ ಐಟಂ ಅನ್ನು ಸರಿಮಾಡುವುದು ಹೇಗೆ? ತಟ್ಟನೆ ಹೊಳೆಯುವ ದಾರಿ ಅದನ್ನೇ ಬಲಪಡಿಸುವುದು. ಎರಡರ ಬದಲು ಐದು ಕೊಡಬಹುದು. ಆಗಲೂ 10ರ ಮಿತಿ ತುಂಬಿದವನಿಗೆ ಏನೂ ಸಿಗುವುದಿಲ್ಲ. ವೇಗ ಹೆಚ್ಚಿಸುವ ಅಣಬೆ ಐಟಂನ ಹಾಗೆ ದೊಡ್ಡ ಬೂಸ್ಟ್ ಕೊಡಬಹುದು. ಆಗ ಮೊದಲ ಸ್ಥಾನದವನು ಇನ್ನೂ ಮುಂದೆ ಓಡಿಬಿಡುತ್ತಾನೆ, ಹಿಂದಿನವರಿಗೆ ಹಿಡಿಯುವ ಆಸೆಯೇ ಹೋಗುತ್ತದೆ. ಒಂದು ಏಟು ತಡೆಯುವ ಗುಣ ಕೊಡಬಹುದು. ಆಗ ಅದು ಕಾಯಿನ್ ಅಲ್ಲ, ಹೊಸ ಬಣ್ಣದ ಬಾಳೆಸಿಪ್ಪೆ. ಕೊನೆಗೆ, ತೆಗೆದೇಬಿಡಬಹುದು. ಇದು ಸುಲಭ ಅನ್ನಿಸುತ್ತದೆ. ಆದರೆ ಮುಂದೆ ಇರುವವನಿಗೆ ಬಾಕ್ಸ್‌ನಿಂದ ಯಾವಾಗಲೂ ರಕ್ಷಣೆಯೇ ಸಿಗುವ ಹಾಗಾದರೆ ಅವನನ್ನು ಹೊಡೆಯುವುದು ಹೇಗೆ? ಎಲ್ಲರ ಕಣ್ಣು ಮೊದಲ ಸ್ಥಾನದವನನ್ನೇ ಹುಡುಕಿ ಹೊಡೆಯುವ ನೀಲಿ ಶೆಲ್ ಮೇಲೆ ಬೀಳುತ್ತದೆ. ಅದನ್ನು ಇಷ್ಟಪಡುವವರು ಇನ್ನೂ ಕಡಿಮೆ. ಮುಂದಿನವನಿಗೆ ಆಗಾಗ ಕೈ ಖಾಲಿಯಾಗಲೇಬೇಕು. ಆ ಕೆಲಸವನ್ನು ಯಾವುದಾದರೂ ಒಂದು ಐಟಂ ಮಾಡಬೇಕು, ಈ ಆಟದಲ್ಲಿ ಅದು ಕಾಯಿನ್ ಪಾಲಿಗೆ ಬಂದಿದೆ.

2017ರ ಏಪ್ರಿಲ್‌ನಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಅದೇ ಆಟದ ಹೊಸ ರೂಪ ಮಾರಿಯೋ ಕಾರ್ಟ್ 8 ಡಿಲಕ್ಸ್ ಬಂತು. ಕಾಯಿನ್ ಕೊಡುವುದು ಎರಡೇ, ಮಿತಿಯೂ 10ರದ್ದೇ. ಬದಲಾದದ್ದು ಸ್ಲಾಟ್. ಒಂದರ ಜಾಗದಲ್ಲಿ ಎರಡಾದವು. ಜೊತೆಗೆ ಇನ್ನೊಂದು ಚಿಕ್ಕ ನಿಯಮ ಸೇರಿತು: ಸ್ಲಾಟಿನಲ್ಲಿ ಒಂದು ಕಾಯಿನ್ ಐಟಂ ಇರುವಾಗ ಬಾಕ್ಸ್‌ನಿಂದ ಇನ್ನೊಂದು ಕಾಯಿನ್ ಬರುವುದಿಲ್ಲ.

ಈ ಚಿಕ್ಕ ನಿಯಮದಿಂದ ಏನಾಯಿತು ನೋಡಿ. ಸಿಕ್ಕಿದ ಕೂಡಲೇ ಗುಂಡಿ ಒತ್ತಿ ಮುಗಿಸಿಬಿಡುತ್ತಿದ್ದ ಕಾಯಿನ್ ಅನ್ನು ನುರಿತ ಆಟಗಾರರು ಇಟ್ಟುಕೊಳ್ಳಲು ಶುರುಮಾಡಿದರು. ಮುಂದೆ ಇರುವಾಗ ಕಾಯಿನ್ ಕೈಯಲ್ಲಿದ್ದರೆ ಮುಂದಿನ ಬಾಕ್ಸ್‌ನಿಂದ ಕಾಯಿನ್ ಅಲ್ಲದ್ದೇ ಬರಬೇಕು. ಮೊದಲ ಸ್ಥಾನದವನ ಪಾಲಿಗೆ ಹಾಗಂದರೆ ಹೆಚ್ಚುಕಡಿಮೆ ರಕ್ಷಣೆ ಬಂತು ಅಂತಲೇ ಅರ್ಥ. ಸಿಪ್ಪೆ ಹಿಂದೆ, ಕಾಯಿನ್ ಎರಡನೇ ಸ್ಲಾಟಿನಲ್ಲಿ. ಸಿಪ್ಪೆ ಹೋದರೂ ಕಾಯಿನ್ ಉಳಿಯುತ್ತದೆ, ಅದು ಮುಂದಿನ ಸಿಪ್ಪೆಯನ್ನೋ ಶೆಲ್ಲನ್ನೋ ತರುತ್ತದೆ. ಇದರಲ್ಲಿ ಯೋಚಿಸಬೇಕಾದ ಸಂಗತಿಗಳೂ ಇವೆ. ಎರಡು ಸ್ಲಾಟನ್ನು ಅದಲುಬದಲು ಮಾಡಲು ಬರುವುದಿಲ್ಲ, ಮೊದಲು ಬಂದದ್ದೇ ಮೊದಲು ಹೋಗಬೇಕು. ಕಾಯಿನ್ ಮೊದಲನೇ ಸ್ಲಾಟಿನಲ್ಲಿ, ಶೆಲ್ ಎರಡನೆಯದರಲ್ಲಿ ಇದ್ದರೆ ರಕ್ಷಣೆಗೆ ಮೊದಲು ಕಾಯಿನ್ ಖರ್ಚು ಮಾಡಲೇಬೇಕು. ಯಾವಾಗ ಖರ್ಚು ಮಾಡುವುದು? ಈಗಲೇ ಮಾಡಿ ಸುರಕ್ಷಿತವಾಗಿರುವುದೋ, ಇನ್ನೊಂದು ತಿರುವಿನವರೆಗೆ ತಡೆಯುವುದೋ? ಮೂರು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಐಟಂ ಪ್ರತಿ ಬಾಕ್ಸ್‌ನಲ್ಲೂ ಒಂದು ನಿರ್ಧಾರ ಕೇಳುವ ಹಾಗಾಯಿತು. ನನ್ನ ಮಟ್ಟಿಗೆ ಇದಕ್ಕಿಂತ ಚೆಂದದ ತಿದ್ದುಪಡಿ ಈ ಬಗೆಯ ಆಟಗಳಲ್ಲಿ ಸಿಗುವುದು ಕಷ್ಟ. ಐಟಂ ಅನ್ನು ಮುಟ್ಟಲೇ ಇಲ್ಲ, ಆದರೆ ಅದಕ್ಕೊಂದು ಕೆಲಸ ಕೊಟ್ಟರು.

ಎಲ್ಲವೂ ಸರಿಹೋಯಿತು ಅನ್ನುವ ಹಾಗಿಲ್ಲ. ಡಿಲಕ್ಸ್ ಐಟಂ ಹಂಚುವುದು ಮೊದಲ ಸ್ಥಾನದವನಿಂದ ನೀವೆಷ್ಟು ದೂರ ಇದ್ದೀರಿ ಅನ್ನುವುದರ ಮೇಲೆ. ಎರಡು ಸ್ಲಾಟ್ ಬಂದಮೇಲೆ, ಬೇಕೆಂದೇ ಹಿಂದೆ ಉಳಿದು ಎರಡು ದೊಡ್ಡ ಐಟಂ ಕೂಡಿಟ್ಟುಕೊಂಡು ಕೊನೆಯಲ್ಲಿ ನುಗ್ಗುವ ದಾರಿ ಜೋರಾಯಿತು. ಆಟಗಾರರು ಇದನ್ನು ಬ್ಯಾಗಿಂಗ್ ಅನ್ನುತ್ತಾರೆ. ಹಾಗೆ ಆಡುವವರಿಗೆ ಕಾಯಿನ್ ಕಣ್ಣಿಗೂ ಬೀಳುವುದಿಲ್ಲ. ಸುಮ್ನೆ ಮನೆಯವರ ಜೊತೆ ಆಡುವವರಿಗೂ ಈ ಕಾಯಿನ್ ಉಪಾಯ ಗೊತ್ತಾಗುವುದು ಕಷ್ಟ, ಯಾಕೆಂದರೆ ಆಟ ಅದನ್ನು ಎಲ್ಲೂ ಹೇಳಿಕೊಡುವುದಿಲ್ಲ. ಡಿಲಕ್ಸ್ 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅಷ್ಟು ಜನರಲ್ಲಿ ಹೆಚ್ಚಿನವರಿಗೆ ಕಾಯಿನ್ ಇವತ್ತಿಗೂ ನಿರಾಸೆಯೇ. ನಿಯಮ ಚೆನ್ನಾಗಿದ್ದರೆ ಸಾಲದು, ಅದು ಆಡುವವನಿಗೆ ಕಾಣಿಸಬೇಕು. ಪರದೆ ಮೇಲೆ ಒಂದು ಸಾಲು ಬರೆದಿದ್ದರೂ ಸಾಕಿತ್ತು, ಅಲ್ವಾ?

2022ರ ಡಿಸೆಂಬರ್‌ನಲ್ಲಿ ಒಂದು ಅಪ್‌ಡೇಟ್ ಬಂದು, ಸ್ನೇಹಿತರ ಜೊತೆ ಆಡುವ ರೇಸ್‌ಗಳಲ್ಲಿ ಯಾವ ಐಟಂ ಬರಬೇಕು, ಯಾವುದು ಬೇಡ ಅಂತ ಆಟಗಾರರೇ ಆರಿಸುವ ಅವಕಾಶ ಸಿಕ್ಕಿತು. ಕಾಯಿನ್ ಬೇಡ ಅನ್ನುವವರು ಅದನ್ನು ತೆಗೆದುಬಿಟ್ಟು ಆಡಿ ನೋಡಬಹುದು. ಮುಂದೆ ಇರುವವನನ್ನು ಹಿಡಿಯುವುದು ಎಷ್ಟು ಕಷ್ಟವಾಗುತ್ತದೆ ಅನ್ನುವುದು ಬೇಗ ಗೊತ್ತಾಗುತ್ತದೆ.

2025ರ ಜೂನ್‌ನಲ್ಲಿ ಸ್ವಿಚ್ 2ರ ಜೊತೆ ಬಂದ ಮಾರಿಯೋ ಕಾರ್ಟ್ ವರ್ಲ್ಡ್ ಇನ್ನೊಂದು ದಾರಿ ಹಿಡಿಯಿತು. ಒಂದು ರೇಸ್‌ಗೆ 24 ಜನ. ಕಾಯಿನ್ ಮಿತಿ 10ರಿಂದ 20ಕ್ಕೆ ಏರಿತು. ಮಿತಿ ಏರಿದರೆ ಅದನ್ನು ತುಂಬಿಸಲು ಹೊತ್ತು ಬೇಕು, ಹಾಗಾಗಿ ಬಾಕ್ಸ್‌ನಿಂದ ಬರುವ ಕಾಯಿನ್ ಬೇಗ ವ್ಯರ್ಥವಾಗುವುದಿಲ್ಲ. ಕಾಯಿನ್ ಶೆಲ್ ಅನ್ನುವ ಹೊಸ ಐಟಂ ಕೂಡ ಬಂತು. ಅದನ್ನು ಮುಂದಕ್ಕೆ ಎಸೆದರೆ ದಾರಿಯಲ್ಲಿ ಸಿಕ್ಕವರಿಗೆ ಹೊಡೆಯುತ್ತಾ ಹಿಂದೆ ಕಾಯಿನ್‌ಗಳ ಸಾಲು ಬಿಟ್ಟು ಹೋಗುತ್ತದೆ. ದಾಳಿಯೂ ಆಯಿತು, ಗಳಿಕೆಯೂ ಆಯಿತು. ಆದರೆ ಎಸೆದವನೇ ಆ ಸಾಲಿನ ಮೇಲೆ ಓಡಿಸಿಕೊಂಡು ಹೋಗಿ ಹೆಕ್ಕಬೇಕು. 23 ಜನ ಅಕ್ಕಪಕ್ಕ ಇರುವಾಗ ಅದನ್ನು ಇನ್ನೊಬ್ಬರೂ ಹೆಕ್ಕಿಕೊಳ್ಳಬಹುದು.

ಹಳೆಯ ಕಾಯಿನ್ ಐಟಂ ಅಲ್ಲೂ ಇದೆ.