ಸರ್ವರ್ ಆಫ್ ಆದರೂ ಎಚ್ಚರವಿರುವ ಕಂಪ್ಯೂಟರ್

ಫ್ರಾಂಕ್‌ಫರ್ಟ್‌ನ ಡೇಟಾ ಸೆಂಟರ್‌ನಲ್ಲಿ ಒಂದು ಸರ್ವರ್ ನಿಂತುಹೋಗಿದೆ ಎಂದುಕೊಳ್ಳಿ. ಆಪರೇಟಿಂಗ್ ಸಿಸ್ಟಂ ಕುಸಿದಿದೆ, ಲಾಗಿನ್ ಆಗುತ್ತಿಲ್ಲ, ಪವರ್ ಬಟನ್ ಒತ್ತಲು ಹತ್ತಿರದಲ್ಲಿ ಯಾರೂ ಇಲ್ಲ. ಆದರೂ ಬೆಂಗಳೂರಿನಲ್ಲಿ ಕೂತ ಎಂಜಿನಿಯರ್ ಅದನ್ನು ಆಫ್ ಮಾಡಿ, ಆನ್ ಮಾಡಿ, ಬೂಟ್ ಆಗುವುದನ್ನು ತನ್ನ ಪರದೆಯ ಮೇಲೇ ನೋಡಬಲ್ಲರು. ಏಕೆಂದರೆ ಆ ಸರ್ವರಿನ ಮದರ್‌ಬೋರ್ಡ್ ಮೇಲೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇದೆ.

ಅದರ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಬಳಕೆಯಲ್ಲಿ ಬಿಎಂಸಿ. ಅದಕ್ಕೆ ತನ್ನದೇ ಪ್ರೊಸೆಸರ್, ಮೆಮೊರಿ, ಐಪಿ ವಿಳಾಸ ಇರುತ್ತವೆ. ಅನೇಕ ಸರ್ವರ್‌ಗಳಲ್ಲಿ ಈ ಚಿಪ್ ತೈವಾನಿನ ಆಸ್ಪೀಡ್ ಕಂಪನಿಯದು. ಡೆಲ್ ತನ್ನ ವ್ಯವಸ್ಥೆಯನ್ನು ಐಡ್ರ್ಯಾಕ್ ಎಂದು ಕರೆದರೆ ಎಚ್‌ಪಿಇಯದು ಐಎಲ್‌ಒ. ಸರ್ವರ್ ಆಫ್ ಆಗಿದ್ದರೂ ಕೇಬಲ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಇದು ನಡೆಯುತ್ತಲೇ ಇರುತ್ತದೆ.

ಬಿಎಂಸಿ ಸದಾ ಓದುವುದು ಉಷ್ಣತೆ, ವೋಲ್ಟೇಜ್, ಫ್ಯಾನಿನ ವೇಗ. ಪ್ರತಿ ಸೆನ್ಸರಿಗೂ ಮಿತಿಗಳಿವೆ: ಇಷ್ಟು ದಾಟಿದರೆ ಎಚ್ಚರಿಕೆ, ಅಷ್ಟು ದಾಟಿದರೆ ಅಪಾಯ. ಒಂದು ಫ್ಯಾನ್ ನಿಂತರೆ ಉಳಿದವು ಜೋರಾಗಿ ತಿರುಗತೊಡಗುತ್ತವೆ, ಸಿಸ್ಟಂ ಈವೆಂಟ್ ಲಾಗ್‌ನಲ್ಲಿ ಒಂದು ಸಾಲು ಸೇರುತ್ತದೆ. ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವ ಸಾಲು ಮೆಮೊರಿಯದು. ಇಸಿಸಿ ಮೆಮೊರಿಯಲ್ಲಿ ಒಂದು ಬಿಟ್ ತಪ್ಪಿದರೆ ಅದು ತಾನಾಗಿಯೇ ಸರಿಯಾಗುತ್ತದೆ, ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಆದರೆ ‘ಸರಿಪಡಿಸಿದ ದೋಷ’ ಎಂಬ ಸಾಲು ಒಂದೇ ಡಿಮ್‌ನ (ಮೆಮೊರಿ ಪಟ್ಟಿಯ) ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ, ಆ ಡಿಮ್ ಕೈಕೊಡುವ ಮೊದಲೇ ಬದಲಿಸಲು ಅವಕಾಶ ಸಿಗುತ್ತದೆ.

ಈ ಮಾಹಿತಿಯನ್ನು ಕೇಳುವ ಭಾಷೆ ಮೊದಲು ಒಂದೊಂದು ಕಂಪನಿಗೆ ಒಂದೊಂದಾಗಿತ್ತು. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಸೇರಿ ಐಪಿಎಂಐ ಎಂಬ ಮಾನಕ ತಂದವು. ಅದರ 2.0 ಆವೃತ್ತಿ 2004ರಲ್ಲಿ ಬಂತು. ಲಿನಕ್ಸ್‌ನಲ್ಲಿ ‘ಐಪಿಎಂಐಟೂಲ್’ ಎಂಬ ಕಮಾಂಡ್ ಓಡಿಸುವವರು ಇಂದಿಗೂ ಬಳಸುವುದು ಇದನ್ನೇ.

ಆದರೆ 2.0ರ ಲಾಗಿನ್ ವಿಧಾನದಲ್ಲೇ ಒಂದು ದೊಡ್ಡ ಲೋಪವಿದೆ. ಐಪಿಎಂಐನ ನೆಟ್‌ವರ್ಕ್ ಬಾಗಿಲಾದ ಯುಡಿಪಿ 623ನೇ ಪೋರ್ಟಿಗೆ ಬಂದವರು ಸರಿಯಾದ ಬಳಕೆದಾರ ಹೆಸರು ಹೇಳಿದರೆ, ಪಾಸ್‌ವರ್ಡ್ ಕೇಳುವ ಮುಂಚೆಯೇ ಬಿಎಂಸಿ ಆ ಪಾಸ್‌ವರ್ಡ್ ಸೇರಿಸಿ ಲೆಕ್ಕಹಾಕಿದ ಹ್ಯಾಶ್ (ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಸಂಕೇತ) ಅನ್ನು ಕಳುಹಿಸಿಬಿಡುತ್ತದೆ. ಬಾಗಿಲು ತಟ್ಟಿದವರಿಗೆ ಬೀಗದ ಕೈಯ ಅಚ್ಚನ್ನೇ ಕೊಟ್ಟು ಕಳಿಸಿದಂತೆ. ಪಡೆದವರು ಮನೆಯಲ್ಲಿ ಕೂತು ಲಕ್ಷಾಂತರ ಪದಗಳನ್ನು ಹಾಕಿ ತಾಳೆ ನೋಡಬಹುದು. ಇದು ಯಾವುದೋ ಕಂಪನಿಯ ಕೋಡಿನ ತಪ್ಪಾಗಿದ್ದರೆ ಪ್ಯಾಚ್ ಸಾಕಿತ್ತು. ಮಾನಕವೇ ಹಾಗೆ ಬರೆದಿರುವುದರಿಂದ ನಿಯಮ ಪಾಲಿಸಿದವರೆಲ್ಲರೂ ಸಿಕ್ಕಿಬಿದ್ದರು. 2013ರಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಐಪಿಎಂಐ ಅಪಾಯಗಳ ಬಗ್ಗೆ ಬಹಿರಂಗ ಎಚ್ಚರಿಕೆ ನೀಡಿತು.

2015ರಲ್ಲಿ, ಕಂಪ್ಯೂಟರ್ ನಿರ್ವಹಣೆಯ ಮಾನಕಗಳನ್ನು ರೂಪಿಸುವ ಡಿಎಂಟಿಎಫ್ ಸಂಸ್ಥೆ ರೆಡ್‌ಫಿಶ್ ಎಂಬ ಹೊಸ ಮಾನಕ ತಂದಿತು. ಇದು ವೆಬ್‌ಸೈಟುಗಳಂತೆ ಎಚ್‌ಟಿಟಿಪಿಎಸ್ ಮೂಲಕ ಮಾತಾಡುತ್ತದೆ, ಉತ್ತರವನ್ನು ಜೇಸನ್ ಎಂಬ ಸರಳ ಪಠ್ಯ ರೂಪದಲ್ಲಿ ಕೊಡುತ್ತದೆ. ಪೈಥಾನ್ ಬಲ್ಲ ವಿದ್ಯಾರ್ಥಿ ಕೂಡ ಕೆಲವೇ ಸಾಲುಗಳಲ್ಲಿ ಫ್ಯಾನಿನ ವೇಗ ಓದಬಹುದು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಫೇಸ್‌ಬುಕ್ ಆರಂಭಿಸಿದ ಓಪನ್‌ಬಿಎಂಸಿ ಫರ್ಮ್‌ವೇರ್‌ನ (ಬಿಎಂಸಿಯೊಳಗೇ ಓಡುವ ತಂತ್ರಾಂಶದ) ಮೂಲ ಕೋಡನ್ನು ಈಗ ಯಾರು ಬೇಕಾದರೂ ಓದಬಹುದು.

ಹೊಸ ಭಾಷೆ ಬಂದ ಮಾತ್ರಕ್ಕೆ ಬಾಗಿಲು ಭದ್ರವಾಗಲಿಲ್ಲ. 2025ರಲ್ಲಿ ಎಎಂಐ ಕಂಪನಿಯ ಮೆಗಾರ್ಯಾಕ್ ಎಂಬ ಬಿಎಂಸಿ ಫರ್ಮ್‌ವೇರಿನ ರೆಡ್‌ಫಿಶ್ ಭಾಗದಲ್ಲೇ, ಪಾಸ್‌ವರ್ಡ್ ಇಲ್ಲದೆ ಒಳನುಗ್ಗುವ ಲೋಪ ಬೆಳಕಿಗೆ ಬಂತು. ಬಿಎಂಸಿ ಕೈವಶವಾದರೆ ಆಪರೇಟಿಂಗ್ ಸಿಸ್ಟಂ ಅಳಿಸಿ ಹೊಸದು ಹಾಕಿದರೂ ಉಪಯೋಗವಿಲ್ಲ, ನುಸುಳಿದವರು ಅದಕ್ಕಿಂತ ಕೆಳಗಿನ ಪದರದಲ್ಲಿ ಕೂತಿರುತ್ತಾರೆ.

ಹಾಗಾಗಿ ಬಿಎಂಸಿಯ ಪೋರ್ಟನ್ನು ಇಂಟರ್ನೆಟ್ಟಿಗೆ ಎಂದಿಗೂ ತೆರೆದಿಡಬೇಡಿ, ಅದಕ್ಕೆ ಪ್ರತ್ಯೇಕ ನೆಟ್‌ವರ್ಕ್ ಕೊಡಿ. ಕಲಿಯಲೆಂದು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಹಳೆಯ ಸರ್ವರ್ ಕೊಳ್ಳುವವರಿಗೆ ಇನ್ನೂ ಒಂದು ಮಾತು: ಹಳೆಯ ಐಡ್ರ್ಯಾಕ್‌ಗಳ ಫ್ಯಾಕ್ಟರಿ ಲಾಗಿನ್ ‘ರೂಟ್’, ಪಾಸ್‌ವರ್ಡ್ ‘ಕ್ಯಾಲ್ವಿನ್’. ಇದು ಲೋಕಕ್ಕೆಲ್ಲ ಗೊತ್ತು. ನೆಟ್‌ವರ್ಕ್ ಕೇಬಲ್ ಚುಚ್ಚುವ ಮೊದಲೇ ಬದಲಿಸಿ.